ಕೋಲೆ ಬಸವನಿಗೆ ಪ್ರಶ್ನೆ ಕೇಳಿಸುದಿಲ್ಲ

ಕಂಪ್ಯೂಟರ್ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಶುರುವಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಸುಮಾರು ಒಂದೇ ವಿಷಯದ ಸುತ್ತಮುತ್ತ ಇದ್ದವು. ಸ್ಕ್ರಿಪ್ಟ್, ಅಂದ್ರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಓಡ್ತಾ ಇರುವಾಗ ಕಂಪ್ಯೂಟರ್ ಮಧ್ಯೆ ನಿಂತು "ಮಾಡ್ಲಾ, ಬೇಡ್ವಾ?" ಅಂತ ಕೇಳ್ತದಲ್ಲ, ನಾವು ಕೂತು ವೈ ಹೊಡಿಯದೆ ಅದು ಅದರಷ್ಟಕ್ಕೆ ಮುಂದೆ ಹೋಗುವ ಹಾಗೆ ಮಾಡುದು ಹೇಗೆ ಅಂತ. ಫೋನ್ ಬಿಸಿ ಆಗ್ತದೆ, ವೈಫೈ ಸ್ಲೋ ಅನ್ನುವವರೆಲ್ಲ ಮುಂದಿನ ಸಂಚಿಕೆಗೆ ಕಾಯಿರಿ. ಇನ್ನೊಂದು, ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಕೀಬೋರ್ಡಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡಿರಿ, ದೊಡ್ಡಕ್ಷರ ಬೇಕಾದಲ್ಲಿ ಹೇಳ್ತೇನೆ.

ಪ್ರಶ್ನೆ: ಉಡುಪಿ ಕಡಿಯಾಳಿಯಲ್ಲಿ ನಮ್ಮದೊಂದು ಸಣ್ಣ ಅಕೌಂಟ್ಸ್ ಆಫೀಸ್. ಲಿನಕ್ಸ್ ಸರ್ವರಿನ ಫೈಲೆಲ್ಲ ರಾತ್ರಿ 11 ಗಂಟೆಗೆ ಇನ್ನೊಂದು ಡಿಸ್ಕಿಗೆ ಕಾಪಿ ಆಗುವ ಹಾಗೆ ಹಿಂದೆ ಇದ್ದ ಹುಡುಗ ಒಂದು ಸ್ಕ್ರಿಪ್ಟ್ ಬರೆದು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ ಹೋಗಿದ್ದಾನೆ. ಅದನ್ನು ಕೈಯಲ್ಲಿ ಓಡಿಸಿದ್ರೆ ಒಂದೊಂದು ಫೈಲಿಗೂ ಓವರ್‌ರೈಟ್ ಮಾಡ್ಲಾ ಅಂತ ಕೇಳ್ತದೆ. ರಾತ್ರಿ ಅದರಷ್ಟಕ್ಕೆ ಓಡಿದ್ರೆ ಎರರ್ ಎಂತ ಇಲ್ಲ, ಆದ್ರೆ ಬೆಳಿಗ್ಗೆ ನೋಡಿದ್ರೆ ಹೊಸ ಫೈಲ್ ಮಾತ್ರ ಬಂದಿರ್ತದೆ, ಹಳೇ ಫೈಲಿಗೆ ಹಗಲು ಮಾಡಿದ ತಿದ್ದುಪಡಿ ಬಂದಿರುದಿಲ್ಲ. ಗೊತ್ತಿದ್ದ ಒಬ್ಬರು ಎದುರಿಗೆ ಯೆಸ್ ಹಾಕಿ ಪೈಪ್ ಮಾಡಿ ಅಂದ್ರು. ಹಾಗೆ ಮಾಡಬಹುದಾ ಸರ್?

ಉತ್ತರ: ಮೊದಲು ಎಷ್ಟು ದಿನದಿಂದ ಹೀಗೆ ಉಂಟು ಅಂತ ನೋಡಿ ಮಾರಾಯ್ರೆ, ಯಾಕಂದ್ರೆ ನಿಮ್ಮ ಹತ್ರ ಇರುದು ಬ್ಯಾಕಪ್ ಅಲ್ಲ. ನೀವು ಕಳಿಸಿದ ಸ್ಕ್ರಿಪ್ಟಿನ ಏಳನೇ ಸಾಲಿನಲ್ಲಿ ಸಿಪಿ -ಐ ಅಂತ ಉಂಟು, ಸಿಪಿ ಅಂದ್ರೆ ಕಾಪಿ ಮಾಡುವ ಕಮಾಂಡ್. ಆ -ಐ ಅಂದ್ರೆ ಅದೇ ಹೆಸರಿನ ಫೈಲ್ ಆಚೆ ಇದ್ರೆ ಕೇಳಿಯೇ ಬರಿ ಅಂತ. ಕೈಯಲ್ಲಿ ಓಡಿಸುವಾಗ ಕೇಳ್ಲಿಕ್ಕೆ ನೀವಿದ್ದೀರಿ. ರಾತ್ರಿ ಕ್ರಾನ್ ಓಡಿಸುವಾಗ ಎದುರು ಕೂತವರು ಯಾರೂ ಇಲ್ಲ, ಕೀಬೋರ್ಡಿನ ಜಾಗದಲ್ಲಿ ಖಾಲಿ. ಸಿಪಿ ಪ್ರಶ್ನೆ ಕೇಳ್ತದೆ, ಉತ್ತರದ ಬದಲು ಫೈಲ್ ಮುಗೀತು ಅನ್ನುವ ಸೂಚನೆ ಸಿಗ್ತದೆ, ಅದನ್ನು ಅದು "ಬೇಡ" ಅಂತಲೇ ತಿಳ್ಕೊಂಡು ಆ ಫೈಲ್ ಬಿಟ್ಟು ಮುಂದೆ ಹೋಗ್ತದೆ. ಹೊಸ ಫೈಲಿಗೆ ಪ್ರಶ್ನೆಯೇ ಇಲ್ಲ, ಹಾಗಾಗಿ ಅದು ಬರ್ತದೆ. ನೀವು ಕಂಡದ್ದು ಇದೇ. ಸಿಪಿಯ ಹಳೇ ಆವೃತ್ತಿಗಳು ಹೀಗೆ ಬಿಟ್ಟು ಹೋದದ್ದನ್ನು ತಪ್ಪು ಅಂತ ಲೆಕ್ಕಕ್ಕೇ ತಗೊಳ್ಳುದಿಲ್ಲ, ಎಲ್ಲ ಸರಿ ಅನ್ನುವ ಸೊನ್ನೆ ಕೊಟ್ಟು ಮುಗಿಸ್ತವೆ, ಮತ್ತೆ ಎರರ್ ಎಲ್ಲಿಂದ ಬರುದು.

ಮದ್ದು ಸುಲಭ, ಆ -ಐ ತೆಗೀರಿ, ಅಷ್ಟೆ. ಸಿಪಿಯ ಬದಲು ಆರ್‌ಸಿಂಕ್ -ಎ ಹಾಕಿದ್ರೆ ಇನ್ನೂ ಒಳ್ಳೇದು, ಅದು ಬದಲಾದ ಫೈಲನ್ನು ಮಾತ್ರ ಕಾಪಿ ಮಾಡ್ತದೆ, ಏನೂ ಕೇಳುದಿಲ್ಲ. ಡಿಲೀಟ್ ಅನ್ನುವ ಆಯ್ಕೆ ಮಾತ್ರ ಸದ್ಯಕ್ಕೆ ಮುಟ್ಟಬೇಡಿ.

ಇದಕ್ಕೇ ಹತ್ತಿರದ ಇನ್ನೊಂದು ಗೊಂದಲ ಹೇಳಿಬಿಡ್ತೇನೆ. ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿ ಲಾಗಿನ್ ಆದ್ರೆ ಸಿಪಿ, ಅಳಿಸುವ ಆರ್‌ಎಂ, ಜಾಗ ಬದಲಿಸುವ ಎಂವಿ ಮೂರಕ್ಕೂ -ಐ ಸೇರಿಸಿದ ಅಲಿಯಾಸ್, ಅಂದ್ರೆ ಅಡ್ಡಹೆಸರು, ಮೊದಲೇ ಇರ್ತದೆ. ಟರ್ಮಿನಲಲ್ಲಿ, ಅಂದ್ರೆ ಕಮಾಂಡ್ ಹೊಡಿಯುವ ಕಿಟಕಿಯಲ್ಲಿ, ಕೇಳ್ತದೆ, ಅದೇ ಸಾಲು ಸ್ಕ್ರಿಪ್ಟಲ್ಲಿ ಹಾಕಿದ್ರೆ ಕೇಳದೆ ಸೀದಾ ಬರೀತದೆ, ಯಾಕಂದ್ರೆ ಬ್ಯಾಷ್ (ಕಮಾಂಡ್ ಓದಿ ನಡೆಸುವ ಶೆಲ್) ಸ್ಕ್ರಿಪ್ಟಿನ ಒಳಗೆ ಅಲಿಯಾಸ್ ನಡಿಯುದಿಲ್ಲ. "ನಿನ್ನೆ ಕೇಳಿತ್ತು, ಇವತ್ತು ಕೇಳ್ಲಿಲ್ಲ" ಅಂತ ಜನ ತಲೆ ಕೆಡಿಸ್ಕೊಳ್ಳುದು ಇಲ್ಲೇ. ಟರ್ಮಿನಲಲ್ಲಿ ಒಂದು ಸಲಕ್ಕೆ ಅಲಿಯಾಸ್ ಬೇಡ ಅಂದ್ರೆ ಕಮಾಂಡಿನ ಎದುರು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದ್ರೆ ಸಾಕು.

ಈಗ ನಿಮಗೆ ಹೇಳಿಕೊಟ್ಟ ಯೆಸ್. ಅದು ನಿಜವಾಗಿಯೂ ಒಂದು ಕಮಾಂಡ್. ಟರ್ಮಿನಲಲ್ಲಿ ಬರೀ ಯೆಸ್ ಅಂತ ಹೊಡೆದು ಎಂಟರ್ ಒತ್ತಿ ನೋಡಿ, ಸಾಲಿಗೊಂದು ವೈ, ವೈ, ವೈ ಅಂತ ಪರದೆ ತುಂಬಾ ಸುರೀತದೆ, ಕಂಟ್ರೋಲ್-ಸಿ ಒತ್ತುವವರೆಗೂ ನಿಲ್ಲುದಿಲ್ಲ. ಮನೆ ಬಾಗಿಲಿಗೆ ಕೋಲೆ ಬಸವ ಬರ್ತದಲ್ಲ, ಮಳೆ ಬರ್ತದಾ ಬಸವ ಅಂದ್ರೆ ತಲೆ ಆಡಿಸ್ತದೆ, ಬೆಳೆ ಹೋಗ್ತದಾ ಅಂದ್ರೂ ತಲೆ ಆಡಿಸ್ತದೆ, ಹಾಗೆ. ಅದರ ಮುಂದೆ ಪೈಪ್ ಗೆರೆ (|, ಒಂದರ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಇನ್‌ಪುಟ್ ಆಗಿ ಕಳಿಸುವ ಗುರುತು) ಹಾಕಿ ಇನ್ನೊಂದು ಕಮಾಂಡ್ ಬರೆದ್ರೆ ಆ ಕಮಾಂಡ್ ಕೇಳಿದ ಪ್ರಶ್ನೆಗೆಲ್ಲ ವೈ ಅಂತ ಉತ್ತರ ಹೋಗ್ತದೆ. ಯೆಸ್ ಎನ್ ಅಂತ ಹಾಕಿದ್ರೆ ಎಲ್ಲದಕ್ಕೂ ಎನ್. ಯೆಸ್ ಆದ ಮೇಲೆ ಒಳಗೆ ಏನೂ ಇಲ್ಲದ ಜೋಡಿ ಉದ್ಧರಣೆ ಹಾಕಿದ್ರೆ ಬರೀ ಎಂಟರ್ ಒತ್ತಿದ ಹಾಗೆ. ಅಪ್ಪಿತಪ್ಪಿ ಅದರ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದಿರೋ ಡಿಸ್ಕ್ ತುಂಬುವವರೆಗೆ ವೈ.

ತೊಂದರೆ ಎಂತ ಅಂದ್ರೆ ಬಸವನಿಗೆ ಪ್ರಶ್ನೆ ಕೇಳಿಸುದಿಲ್ಲ. ನನ್ನದೇ ಕಥೆ ಹೇಳ್ತೇನೆ. ಮಂಗಳೂರಿನ ಒಂದು ಫೋಟೋ ಸ್ಟುಡಿಯೋಗೆ ಹೀಗೇ ರಾತ್ರಿ ಓಡುವ ಸಾಲೊಂದು ಬರೆದುಕೊಟ್ಟಿದ್ದೆ. ಅವರ ಕಾಪಿ ಸ್ಕ್ರಿಪ್ಟ್ ಒಂದೇ ಪ್ರಶ್ನೆ ಕೇಳ್ತಿತ್ತು, ಶುರು ಮಾಡ್ಲಾ ಅಂತ. ನಾನು ಎದುರಿಗೆ ಯೆಸ್ ಪೈಪ್ ಮಾಡಿ ಕೈ ತೊಳ್ಕೊಂಡೆ. ಆರೇಳು ತಿಂಗಳು ಚಂದ ನಡೀತು. ಆಮೇಲೆ ಡಿಸ್ಕ್ ತುಂಬ್ತಾ ಬಂತು ಅಂತ ಅಲ್ಲಿಯ ಹುಡುಗ, ಅವನು ಜಾಗ್ರತೆ ಮಾಡಿದ್ದೇ ಪಾಪ, ಸ್ಕ್ರಿಪ್ಟಿನ ಒಳಗೆ ಇನ್ನೊಂದು ಪ್ರಶ್ನೆ ಸೇರಿಸಿದ: ಜಾಗ ಕಮ್ಮಿ ಉಂಟು, ಹಳೇ ಆಲ್ಬಮ್ ಫೋಲ್ಡರ್ ಅಳಿಸ್ಲಾ? ನನ್ನ ಸಾಲು ಎಂತ ಹೇಳ್ತದೆ, ವೈ. ಬೆಳಿಗ್ಗೆ ಮೂರು ಮದುವೆ, ಒಂದು ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಇರಲಿಲ್ಲ. ಮದುವೆಗಳು ಕ್ಯಾಮೆರಾ ಕಾರ್ಡಲ್ಲಿ ಉಳಿದಿದ್ವು, ರೋಸಿನ ಕಾರ್ಡ್ ಮಾತ್ರ ಅಷ್ಟೊತ್ತಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೋಗಿ ಆಗಿತ್ತು. ತಪ್ಪು ಹುಡುಗನದ್ದಲ್ಲ, ಕೇಳದ ಪ್ರಶ್ನೆಗೂ ಉತ್ತರ ಬರೆದಿಟ್ಟ ನನ್ನದು.

ಆ ಮೇಲೆ ನಾನು ಪಾಲಿಸುದು ಹೀಗೆ. ಪ್ರಶ್ನೆ ನಿಲ್ಲಿಸುವ ತನ್ನದೇ ಸ್ವಿಚ್ ಕಮಾಂಡಿಗೆ ಉಂಟಾ ಅಂತ ಮೊದಲು ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ನೋಡುದು, ಮುಕ್ಕಾಲು ಪಾಲಿಗೆ ಇರ್ತದೆ. ಅನ್‌ಜಿಪ್‌ಗೆ -ಓ ಅಂದ್ರೆ ಮೇಲೆಯೇ ಬರೆ, -ಎನ್ ಅಂದ್ರೆ ಇದ್ದದ್ದನ್ನು ಮುಟ್ಟಬೇಡ. ಪಿಪ್ ಅನ್‌ಇನ್‌ಸ್ಟಾಲ್‌ಗೆ -ವೈ. ಆರ್‌ಎಂಗೆ -ಎಫ್, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ದೊಡ್ಡಕ್ಷರದ -ಐ, ಮೂರಕ್ಕಿಂತ ಹೆಚ್ಚು ಫೈಲ್ ಅಥವಾ ಇಡೀ ಫೋಲ್ಡರ್ ಅಳಿಸುವಾಗ ಒಂದೇ ಸಲ ಕೇಳ್ತದೆ, ಕೈಯಲ್ಲಿ ಕೆಲಸ ಮಾಡುವವರಿಗೆ ಇದು ಹಿತ. ಸ್ವಿಚ್ ಇಲ್ಲ, ಪ್ರಶ್ನೆ ಮಾತ್ರ ಎರಡೋ ಮೂರೋ ಅಂತ ಖಚಿತ ಉಂಟು ಅಂದ್ರೆ ಬರೆದದ್ದನ್ನು ಹಾಗೇ ಹೊರಗೆ ಹಾಕುವ ಪ್ರಿಂಟ್‌ಎಫ್‌ನಲ್ಲಿ ಅಷ್ಟೇ ಉತ್ತರ ಸಾಲುಸಾಲಾಗಿ ಬರೆದು ಪೈಪ್ ಮಾಡುದು, ವೈ, ಎನ್, ವೈ ಅಂತ. ನಾಲ್ಕನೇ ಪ್ರಶ್ನೆ ಹೊಸತಾಗಿ ಬಂತು ಅಂತ ಇಟ್ಕೊಳ್ಳಿ, ಉತ್ತರ ಮುಗಿದಿರ್ತದೆ, ಹೆಚ್ಚಿನ ಪ್ರೋಗ್ರಾಂ ಅಲ್ಲೇ ನಿಲ್ತದೆ ಅಥವಾ ಬೇಡ ಅಂತ ತಗೊಳ್ತದೆ. ಹೊಸ ಪ್ರಶ್ನೆ ಮಧ್ಯೆ ನುಗ್ಗಿದ್ರೆ ಇದೂ ಎಡವುತ್ತೆ, ಆದ್ರೆ ಬಸವನಷ್ಟು ಅಲ್ಲ.

ಯೆಸ್ ಹಾಕಿಯೇ ಹಾಕ್ತೇನೆ ಅನ್ನುವವರಿಗೆ ಒಂದು ಗುಂಡಿ ತೋರಿಸ್ತೇನೆ. ಸ್ಕ್ರಿಪ್ಟಿನ ಮೇಲೆ ಸೆಟ್ -ಇ (ತಪ್ಪಾದ ಕೂಡಲೇ ನಿಲ್ಲು) ಮತ್ತು ಪೈಪ್‌ಫೇಲ್ (ಪೈಪಿನ ಯಾವ ತುದಿ ಸೋತರೂ ತಪ್ಪೇ) ಹಾಕಿದ್ರೆ ಕೆಲಸ ಸರಿಯಾಗಿ ಮುಗಿದ್ರೂ ಸ್ಕ್ರಿಪ್ಟ್ 141 ಅಂತ ಹೇಳಿ ಸಾಯ್ತದೆ. ಆಚೆ ಕಮಾಂಡ್ ಮುಗಿಸಿ ಪೈಪ್ ಮುಚ್ಚಿದ ಮೇಲೂ ಯೆಸ್ ಬರೀಲಿಕ್ಕೆ ಹೋಗ್ತದೆ, ಸಿಗ್‌ಪೈಪ್ ಅನ್ನುವ ಸಿಗ್ನಲ್ ತಿಂದು ಬೀಳ್ತದೆ. ಆ ಸಿಗ್ನಲಿನ ನಂಬರ್ 13, ಶೆಲ್ ಅದಕ್ಕೆ 128 ಕೂಡಿಸಿ ಹೇಳ್ತದೆ. 141 ಕಂಡ್ರೆ ಡಿಸ್ಕ್ ಹಾಳಾಯ್ತು ಅಂತ ಹೆದರಬೇಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದ್ತಿದ್ದೇನೆ. ಪ್ರಾಜೆಕ್ಟಿಗೆ 20 ಮೆಷಿನಿಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಲಾಗಿನ್) ಮಾಡಿ ಒಂದೇ ಕಮಾಂಡ್ ಓಡಿಸ್ಬೇಕು. ಮೊದಲ ಸಲ ಕನೆಕ್ಟ್ ಆಗುವಾಗ ಪ್ರತಿಯೊಂದೂ ಮುಂದುವರಿಸ್ಲಾ ಅಂತ ಕೇಳ್ತದೆ. ಯೆಸ್ ಪೈಪ್ ಮಾಡಿದೆ, ಕ್ಯಾರೇ ಇಲ್ಲ. ಮತ್ತೆ ಲೂಪಲ್ಲಿ ಹಾಕಿದ್ರೆ ಮೊದಲ ಮೆಷಿನ್ ಆದ ಕೂಡಲೇ ಲೂಪ್ ಮುಗೀತದೆ. ಎರಡೂ ಒಂದೇ ಕಾರಣವಾ?

ಉತ್ತರ: ಎರಡು ಬೇರೆ ಬೇರೆ, ಆದ್ರೆ ಅಣ್ಣ ತಮ್ಮ. ಎಸ್‌ಎಸ್‌ಎಚ್ ಈ ಪ್ರಶ್ನೆ ಕೇಳುದು ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು (ಪೈಪಿಂದ ಬಂದದ್ದು ಸೇರುವ ಬಾಗಿಲು) ಅಲ್ಲ, /ಡೆವ್/ಟಿಟಿವೈ ಅನ್ನು, ಅಂದ್ರೆ ನಿಮ್ಮ ಟರ್ಮಿನಲನ್ನೇ ಸೀದಾ. ಪೈಪಲ್ಲಿ ನೀವು ಎಷ್ಟು ವೈ ಸುರಿದ್ರೂ ಅದು ಆ ಕಡೆ ತಿರುಗಿ ಸಹ ನೋಡುದಿಲ್ಲ. ಪಾಸ್‌ವರ್ಡ್ ಕೇಳುದೂ ಹಾಗೆಯೇ. ಇದು ಬೇಕಂತಲೇ ಮಾಡಿದ್ದು. ಅಷ್ಟಲ್ಲದೆ ಅಲ್ಲಿ ಒಂದಕ್ಷರದ ವೈ ನಡಿಯುದೂ ಇಲ್ಲ, ಯೆಸ್ ಅಂತ ಮೂರಕ್ಷರ ಪೂರ್ತಿ ಬರೀಬೇಕು.

ಆ ಪ್ರಶ್ನೆ ಕೇಳುದು ಎಂತಕ್ಕೆ ಗೊತ್ತುಂಟಾ? ಆಚೆ ಇರುವ ಮೆಷಿನ್ ನೀವು ಅಂದ್ಕೊಂಡದ್ದೇ ಹೌದಾ ಅಂತ ಗುರುತು ನೋಡ್ಲಿಕ್ಕೆ. ಓಪನ್ ಎಸ್‌ಎಸ್‌ಎಚ್ 7.6 ರಿಂದ, ಅದು ಬಂದದ್ದು 2017ರಲ್ಲಿ, ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ಅನ್ನುವ ಸೆಟ್ಟಿಂಗಿಗೆ ಆಕ್ಸೆಪ್ಟ್-ನ್ಯೂ ಅಂತ ಕೊಡಬಹುದು. ಹೊಸ ಮೆಷಿನ್ ಆದ್ರೆ ಕೇಳದೆ ಒಪ್ಪಿ ಬರೆದಿಟ್ಕೊಳ್ತದೆ, ಆದ್ರೆ ಮೊದಲು ಕಂಡ ಮೆಷಿನಿನ ಗುರುತು ಬದಲಾದ್ರೆ ಬಾಗಿಲು ಹಾಕ್ತದೆ. ಇಂಟರ್ನೆಟ್ ತುಂಬಾ ಸಿಗುದು ಅದಕ್ಕೆ ನೋ ಅಂತ ಕೊಡಿ ಅನ್ನುವ ಸಲಹೆ, ಕಾಲೇಜ್ ಲ್ಯಾಬ್ ಆದ್ರೂ ಅದನ್ನು ರೂಢಿ ಮಾಡ್ಕೊಳ್ಬೇಡಿ. ಪಾಸ್‌ವರ್ಡಿಗೆ ಬದಲು ಎಸ್‌ಎಸ್‌ಎಚ್-ಕಾಪಿ-ಐಡಿ ಹಾಕಿ ಕೀ (ನಿಮ್ಮ ಗುರುತು ಹೇಳುವ ಫೈಲ್) ಕಳಿಸಿ. ಸ್ಕ್ರಿಪ್ಟಲ್ಲಿ ಬ್ಯಾಚ್‌ಮೋಡ್ ಆನ್ ಮಾಡಿದ್ರೆ ಕೀ ಇಲ್ಲದ ಮೆಷಿನಲ್ಲಿ ಪಾಸ್‌ವರ್ಡ್ ಕೇಳ್ತಾ ಕೂರದೆ ಫೇಲ್ ಆಗಿ ಮುಂದೆ ಹೋಗ್ತದೆ.

ಲೂಪಿನದ್ದು ಇನ್ನೊಂದು ತಮಾಷೆ. ನೀವು ವೈಲ್ ರೀಡ್ ಅಂತ ಹಾಕಿ ಮೆಷಿನ್ ಹೆಸರಿನ ಪಟ್ಟಿ ಓದಿಸ್ತಿದ್ದೀರಿ. ಪ್ರಶ್ನೆಗೆ ಸ್ಟ್ಯಾಂಡರ್ಡ್ ಇನ್‌ಪುಟ್ ಬೇಡ ಅಂದ ಅದೇ ಎಸ್‌ಎಸ್‌ಎಚ್, ಆಚೆ ಮೆಷಿನಿಗೆ ಕಳಿಸ್ಲಿಕ್ಕೆ ಅಂತ ಇನ್‌ಪುಟ್ಟಲ್ಲಿ ಇದ್ದದ್ದನ್ನೆಲ್ಲ ಗುಡಿಸಿ ತಗೊಳ್ತದೆ. ಉಳಿದ 19 ಹೆಸರೂ ಮೊದಲ ಮೆಷಿನಿನ ಹೊಟ್ಟೆಗೆ ಹೋಯ್ತು. ಎಸ್‌ಎಸ್‌ಎಚ್ -ಎನ್ ಅಂತ ಹಾಕಿ, ಸರಿ ಆಗ್ತದೆ.

ಪ್ರಶ್ನೆ: ಪುತ್ತೂರಿನ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ಉಬುಂಟು ಮೆಷಿನ್‌ಗಳಿಗೆ ಅಪ್‌ಡೇಟ್ ಮಾಡುವ ಸ್ಕ್ರಿಪ್ಟಲ್ಲಿ -ವೈ ಕೊಟ್ಟಿದ್ದೇನೆ, ಆದ್ರೂ ಮಧ್ಯೆ ಒಂದು ಬಣ್ಣದ ಪೆಟ್ಟಿಗೆ ಬಂದು ಯಾವುದೋ ಆಯ್ಕೆ ಕೇಳಿ ನಿಲ್ತದೆ. -ವೈ ಕೊಟ್ಟ ಮೇಲೂ ಯಾಕೆ?

ಉತ್ತರ: ಅಲ್ಲಿ ಕೇಳುವವರು ಒಬ್ಬರಲ್ಲ, ಮೂರು ಜನ. ಪ್ಯಾಕೇಜ್ ತಂದು ಹಾಕುವ ಆಪ್ಟ್-ಗೆಟ್‌ಗೆ ಕೊಟ್ಟ -ವೈ ಅದರ ಸ್ವಂತ ಪ್ರಶ್ನೆಗೆ ಮಾತ್ರ ಉತ್ತರ, ಇನ್‌ಸ್ಟಾಲ್ ಮಾಡ್ಲಾ ಅನ್ನುವುದಕ್ಕೆ. ಆ ಬಣ್ಣದ ಪೆಟ್ಟಿಗೆ ಡೆಬ್‌ಕಾನ್ಫ್‌ನದ್ದು, ಪ್ಯಾಕೇಜಿನ ಒಳಗಿನ ಸೆಟ್ಟಿಂಗ್ ಕೇಳುವ ಬೇರೆಯೇ ಪ್ರೋಗ್ರಾಂ. ಅದನ್ನು ಸುಮ್ಮನೆ ಕೂರಿಸ್ಲಿಕ್ಕೆ ದೊಡ್ಡಕ್ಷರದಲ್ಲಿ ಡೆಬಿಯನ್_ಫ್ರಂಟ್‌ಎಂಡ್ ಅಂತ ಬರೆದು ಅದಕ್ಕೆ ಸಣ್ಣಕ್ಷರದಲ್ಲಿ ನಾನ್‌ಇಂಟರಾಕ್ಟಿವ್ ಅನ್ನುವ ಬೆಲೆ ಕೊಡಬೇಕು. ಇದನ್ನು ಮೇಲೆ ಎಕ್ಸ್‌ಪೋರ್ಟ್ ಮಾಡಿ ಕೆಳಗೆ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿದ್ರೆ ಸಾಮಾನ್ಯ ಸೆಟ್ಟಿಂಗಲ್ಲಿ ಸುಡೋ ಅದನ್ನು ಒಳಗೆ ಬಿಡುದಿಲ್ಲ, ಹಾಗಾಗಿ ಸುಡೋ ಆದ ಮೇಲೆ, ಆಪ್ಟ್-ಗೆಟ್‌ಗಿಂತ ಮೊದಲು, ಅದೇ ಸಾಲಲ್ಲಿ ಬರೀರಿ.

ಮೂರನೆಯವರು ಡಿಪಿಕೆಜಿ, ನೀವು ತಿದ್ದಿದ ಸೆಟ್ಟಿಂಗ್ ಫೈಲ್ ಉಂಟು, ಪ್ಯಾಕೇಜಲ್ಲಿ ಹೊಸದು ಬಂದಿದೆ, ಯಾವುದು ಇಡ್ಲಿ ಅಂತ ಕೇಳುವವರು. ಅದಕ್ಕೆ ಫೋರ್ಸ್-ಕಾನ್ಫ್‌ಓಲ್ಡ್ ಕೊಟ್ರೆ ನಿಮ್ಮದೇ ಉಳೀತದೆ. ಉಬುಂಟು 22.04 ಸರ್ವರ್ ಆದ್ರೆ ನೀಡ್‌ರೀಸ್ಟಾರ್ಟ್ ಅಂತ ನಾಲ್ಕನೆಯವರೂ ಉಂಟು, ಯಾವ ಸರ್ವೀಸ್ ರೀಸ್ಟಾರ್ಟ್ ಮಾಡ್ಲಿ ಅಂತ ಕೇಳ್ತಾರೆ, ದೊಡ್ಡಕ್ಷರದ ನೀಡ್‌ರೀಸ್ಟಾರ್ಟ್_ಮೋಡ್‌ಗೆ ಸಣ್ಣ ಎ ಕೊಡಿ. ಒಂದು ಸಮಾಧಾನ ಎಂತ ಅಂದ್ರೆ ಆಪ್ಟ್-ಗೆಟ್ -ವೈ ಕೋಲೆ ಬಸವ ಅಲ್ಲ, ಸಿಸ್ಟಮಿಗೆ ಬೇಕೇಬೇಕಾದ ಪ್ಯಾಕೇಜ್ ತೆಗೀಲಿಕ್ಕೆ ಬಂದ್ರೆ ಹೌದು ಅನ್ನದೆ ಅಲ್ಲಿಗೇ ನಿಲ್ಲಿಸ್ತದೆ. ಎಲ್ಲಾ ಮೆಷಿನಿಗೆ ಬಿಡುವ ಮೊದಲು ಒಂದರಲ್ಲಿ -ಎಸ್ ಹಾಕಿ ಸುಳ್ಳು ಓಟ ಓಡಿಸಿ ನೋಡಿ.

ಪ್ರಶ್ನೆ: ಕಾರ್ಕಳದಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಡಿಸ್ಕ್ ಚೆಕ್ ಮಾಡುವಾಗ ನೂರಾರು ಸಲ ಫಿಕ್ಸ್ ಮಾಡ್ಲಾ ಅಂತ ಕೇಳ್ತದೆ, ವೈ ಒತ್ತಿ ಒತ್ತಿ ಬೆರಳು ನೋವು. ಇದಕ್ಕೆ ಯೆಸ್ ಹಾಕ್ಲಾ?

ಉತ್ತರ: ಬೇಡ. ಡಿಸ್ಕ್ ಚೆಕ್ ಮಾಡುವ ಇ2ಎಫ್‌ಎಸ್‌ಸಿಕೆಗೆ -ಪಿ ಅಂತ ಉಂಟು, ತೊಂದರೆ ಇಲ್ಲದೆ ಸರಿ ಮಾಡಬಹುದಾದ್ದನ್ನು ಕೇಳದೆ ಸರಿ ಮಾಡಿ, ಮನುಷ್ಯ ನೋಡ್ಬೇಕಾದ್ದು ಬಂದ್ರೆ ನಿಲ್ತದೆ. -ಎನ್ ಅಂದ್ರೆ ಬರೀ ನೋಡು, ಮುಟ್ಟಬೇಡ. -ವೈ ಎಲ್ಲಕ್ಕೂ ಹೌದು. ನೂರಾರು ಪ್ರಶ್ನೆ ಬರ್ತಾ ಉಂಟು ಅಂದ್ರೆ ಡಿಸ್ಕೇ ಸಾಯ್ತಾ ಇರಬಹುದು, ಆಗ -ವೈ ಒತ್ತಿದ್ರೆ ಉಳಿದದ್ದೂ ಹೋಗ್ತದೆ. ಮೊದಲು ಡಿಡಿರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ನಕಲು ತೆಗೀರಿ. ಮೌಂಟ್ ಆಗಿದ್ದ, ಅಂದ್ರೆ ಬಳಕೆಗೆ ತೆರೆದಿಟ್ಟ, ಡಿಸ್ಕಿನ ಮೇಲೆ ರಿಪೇರಿ ಓಡಿಸ್ಲೇಬಾರ್ದು. ಮತ್ತೆ ಒಂದು ಯುಪಿಎಸ್ ತಗೊಳ್ಳಿ ಮಾರಾಯ್ರೆ.

ಪ್ರಶ್ನೆ: ಮಲ್ಪೆ. ನಮ್ಮ ಮೀನಿನ ಲೆಕ್ಕದ ಹಳೇ ಸಾಫ್ಟ್‌ವೇರ್ ಪ್ರತಿ ತಿಂಗಳು ಕ್ಲೋಸಿಂಗ್ ಮಾಡುವಾಗ ಐದು ಪ್ರಶ್ನೆ ಕೇಳ್ತದೆ. ಸ್ವಿಚ್ ಇಲ್ಲ, ಪೈಪಿಗೂ ಬಗ್ಗುದಿಲ್ಲ. ಮಾಡಿದವರು ಈಗ ಎಲ್ಲಿದ್ದಾರೆ ಅಂತಲೂ ಗೊತ್ತಿಲ್ಲ.

ಉತ್ತರ: ಇಂಥದ್ದಕ್ಕೇ ಎಕ್ಸ್‌ಪೆಕ್ಟ್ ಇರುದು. ಡಾನ್ ಲಿಬ್ಸ್ ಅಂತ, ಅಮೆರಿಕದ ಸರಕಾರಿ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದವರು, 1990ರ ಹೊತ್ತಿಗೆ ಟಿಸಿಎಲ್ ಭಾಷೆಯ ಮೇಲೆ ಕಟ್ಟಿದ್ದು. ಇದು ಪ್ರೋಗ್ರಾಂಗೆ ಒಂದು ನಕಲಿ ಟರ್ಮಿನಲ್ ಕೊಡ್ತದೆ, ಹಾಗಾಗಿ ಪೈಪಿಗೆ ಬಗ್ಗದ್ದೂ ಇಲ್ಲಿ ಬಗ್ತದೆ. ಸ್ಪಾನ್ ಅಂತ ಹೇಳಿ ಪ್ರೋಗ್ರಾಂ ಶುರು ಮಾಡುದು, ಎಕ್ಸ್‌ಪೆಕ್ಟ್ ಅಂತ ಹೇಳಿ ಇಂಥ ಪ್ರಶ್ನೆ ಬರುವವರೆಗೆ ಕಾಯುದು, ಸೆಂಡ್ ಅಂತ ಹೇಳಿ ಉತ್ತರ ಕಳಿಸುದು. ಬಸವನಿಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು, ಪ್ರಶ್ನೆ ಓದಿ ಉತ್ತರ ಕೊಡ್ತದೆ. ಆಟೋಎಕ್ಸ್‌ಪೆಕ್ಟ್ ಅಂತ ಉಂಟು, ಅದನ್ನು ಶುರು ಮಾಡಿ ನೀವೊಮ್ಮೆ ಕೈಯಲ್ಲಿ ಉತ್ತರ ಕೊಟ್ರೆ ಸ್ಕ್ರಿಪ್ಟ್ ಅದೇ ಬರೆದುಕೊಡ್ತದೆ, ಸ್ವಲ್ಪ ಕಸ ಇರ್ತದೆ, ಗುಡಿಸ್ಬೇಕು.

ಆದ್ರೆ ಇಲ್ಲೊಂದು ಕಡೆ ಎಲ್ಲರೂ ಜಾರ್ತಾರೆ. ಎಕ್ಸ್‌ಪೆಕ್ಟ್ ಸುಮ್ಮನೆ ಬಿಟ್ರೆ ಕಾಯುದು 10 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಪ್ರಶ್ನೆ ಬರದಿದ್ರೆ ನಿಲ್ಲುದಿಲ್ಲ, ಬಂತು ಅಂದ್ಕೊಂಡವರ ಹಾಗೆ ಮುಂದಿನ ಸಾಲಿಗೆ ಹೋಗಿ ಉತ್ತರ ಕಳಿಸ್ತದೆ! ಅಲ್ಲಿಗೆ ಪುನಃ ಬಸವನೇ. ನಿಮ್ಮ ಕ್ಲೋಸಿಂಗ್ ಒಂದೊಂದು ಹಂತಕ್ಕೆ ಎರಡು ನಿಮಿಷ ತಗೊಂಡ್ರೆ ಟೈಮ್‌ಔಟ್ 300 ಅಂತ ಹಾಕಿ, ಮತ್ತೆ ಪ್ರತಿ ಎಕ್ಸ್‌ಪೆಕ್ಟಿನ ಒಳಗೆ ಟೈಮ್‌ಔಟ್ ಆದ್ರೆ ಎಕ್ಸಿಟ್ 1 ಅಂತ ತಪ್ಪದೆ ಬರೀರಿ. ಪ್ರಶ್ನೆಯ ಒಂದು ಪದ ಹಿಡ್ಕೊಂಡು ಕಾಯ್ಬೇಡಿ, ಸಾಲಿನ ದೊಡ್ಡ ತುಂಡೇ ಕೊಡಿ, ಐದರಲ್ಲಿ ನಾಲ್ಕು ಪ್ರಶ್ನೆಯಲ್ಲಿ "ಕ್ಲೋಸ್" ಅನ್ನುವ ಪದ ಇರ್ತದೆ.

ಪ್ರಶ್ನೆ: ಬಂಟ್ವಾಳ. ನಾವೆಲ್ಲ ವಿಂಡೋಸ್ ಬಡವರು, ನಮಗೆ ಎಂತ ಇಲ್ವಾ?

ಉತ್ತರ: ಉಂಟು ಉಂಟು. ಡೆಲ್ ಕಮಾಂಡಿಗೆ /ಕ್ಯೂ, ಎಕ್ಸ್‌ಕಾಪಿಗೆ /ವೈ, ಪವರ್‌ಶೆಲ್‌ನಲ್ಲಿ -ಕನ್‌ಫರ್ಮ್ ಅಂತ ಬರೆದು ಕೋಲನ್ ಹಾಕಿ ಡಾಲರ್ ಫಾಲ್ಸ್. ಏನೂ ಇಲ್ಲದಿದ್ರೆ ಎಕೋ ವೈ ಪೈಪ್. ಅಲ್ಲೂ ಬಸವ ಬಸವನೇ.

ಪ್ರಶ್ನೆ: ಕುಂದಾಪುರದಿಂದ. ನಾನೇ ಬರೆದ ಸ್ಕ್ರಿಪ್ಟ್, ಹಳೇ ಫೋಲ್ಡರ್ ಅಳಿಸುವುದು. ಮೊದಲು ಕೇಳುವ ಹಾಗೆ ಬರೆದೆ, ಕ್ರಾನಲ್ಲಿ ನಿಂತುಹೋಯ್ತು. ಕೇಳದ ಹಾಗೆ ಮಾಡಿದೆ, ಈಗ ಆಫೀಸಲ್ಲಿ ಎಲ್ಲರೂ ಕೈಯಲ್ಲಿ ಓಡಿಸಿ ಅವಾಂತರ. ಎಂತ ಮಾಡುದು?

ಉತ್ತರ: ಎರಡೂ ಮಾಡಿ. ಬ್ಯಾಷಲ್ಲಿ ಚೌಕ ಕಂಸದ ಒಳಗೆ -ಟಿ 0 ಅಂತ ಬರೆದ್ರೆ ಎದುರು ಟರ್ಮಿನಲ್ ಉಂಟಾ ಅಂತ ಗೊತ್ತಾಗ್ತದೆ. ಇದ್ರೆ ಕೇಳಿ. ಇಲ್ಲದಿದ್ರೆ, -ವೈ ಅಂತ ಸ್ಪಷ್ಟವಾಗಿ ಕೊಟ್ಟಿದ್ದಾರಾ ನೋಡಿ, ಕೊಟ್ಟಿದ್ರೆ ಕೆಲಸ ಮಾಡಿ, ಕೊಡದಿದ್ರೆ ಒಂದು ಸಾಲು ಎರರ್ ಬರೆದು ಹೊರಗೆ ಬನ್ನಿ. ಟರ್ಮಿನಲ್ ಇಲ್ಲ ಅಂದ್ರೆ ಹೌದು ಅಂತಲೇ ಅರ್ಥ ಅಂತ ಮಾಡಿದ್ರೆ ಕಡಿಯಾಳಿಯವರದ್ದು ಉಲ್ಟಾ ಆಗ್ತದೆ. ರೀಡ್ -ಪಿ (ಪ್ರಶ್ನೆ ತೋರಿಸಿ ಉತ್ತರ ಓದುವ ಬ್ಯಾಷ್ ಕಮಾಂಡ್) ಯಲ್ಲಿ ಪ್ರಶ್ನೆ ಕೇಳುವಾಗ ಬರೀ ಎಂಟರ್ ಒತ್ತಿದ್ರೆ ಬೇಡ ಅಂತಲೇ ಆಗ್ಲಿ.

ಮತ್ತೆ ಅಳಿಸುವ ಕಡೆ ವೈ ಕೇಳ್ಬೇಡಿ. ದಿನಕ್ಕೆ ಹತ್ತು ಸಲ ವೈ ಒತ್ತಿದವರ ಬೆರಳು ಹನ್ನೊಂದನೇ ಸಲ ಓದದೆ ಒತ್ತುತ್ತೆ, ಮನುಷ್ಯರಲ್ಲೂ ಬಸವ ಉಂಟಲ್ಲ. ಅಳಿಸುವ ಫೋಲ್ಡರಿನ ಹೆಸರನ್ನೇ ಪೂರ್ತಿ ಟೈಪ್ ಮಾಡಿ ಅಂತ ಕೇಳಿ, ಹೆಸರು ತಾಳೆ ಆದ್ರೆ ಮಾತ್ರ ಆರ್‌ಎಂ. ಆ ಫೋಟೋ ಸ್ಟುಡಿಯೋದಲ್ಲಿ ಈಗ ಹಾಗೆಯೇ ಉಂಟು, ಹುಡುಗ ಬೈಕೊಂಡೇ ಟೈಪ್ ಮಾಡ್ತಾನೆ.